ಢಮಾರಕ್ಕ ಮತ್ತು ಸದ್ದು ಮಾಡದ ಪೆಟ್ಟಿಗೆ

ಹಗಲು ಹನ್ನೊಂದರ ಸುಮಾರಿಗೆ ಸೈರನ್ ಕೂಗಿತೆಂದರೆ ಆ ಬೀದಿಯ ಕ್ಷೌರದಂಗಡಿಯಲ್ಲಿ ಕತ್ತಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಗಿರಾಕಿ ಒಂದು ಕೆನ್ನೆಯ ತುಂಬ ನೊರೆ ಹೊತ್ತುಕೊಂಡು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಕೂರಬೇಕು. ಹೊಸಬನಾದರೆ ಕೇಳುತ್ತಿದ್ದ: "ಯಾಕಣ್ಣ, ನಿಲ್ಲಿಸಿಬಿಟ್ರಿ?"

"ನನ್ನ ಹೆಂಡ್ತಿ ಗುಂಡಿ ಒತ್ತೋದಿದೆ. ಒತ್ತಲಿ, ತಡೀರಿ. ನಿಮ್ಮ ಕಿವಿ ನಿಮ್ಮ ಹತ್ರಾನೇ ಇರಬೇಕಲ್ವಾ?"

ಗಿರಾಕಿಗೆ ಅರ್ಥವಾಗುವಷ್ಟರಲ್ಲಿ ಢಮಾರ್! ಕಿಟಕಿಯ ಗಾಜು ಗಡಗಡ ಅಂದು, ಬಾಚಣಿಗೆಗಳು ಲೋಟದಲ್ಲಿ ಕುಣಿದು, ಬಾಗಿಲಲ್ಲಿ ಮಲಗಿದ್ದ ನಾಯಿ ತಲೆಯೆತ್ತಿ ಮತ್ತೆ ಮಲಗುತ್ತಿತ್ತು. ಕ್ಷೌರಿಕ ಕತ್ತಿಯನ್ನು ಕೆನ್ನೆಗೆ ತರುತ್ತ, "ಇವತ್ತು ಸ್ವಲ್ಪ ಕಮ್ಮಿನೇ" ಎನ್ನುತ್ತಿದ್ದ.

ಗುಂಡಿ ಒತ್ತುವ ಆ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಢಮಾರಕ್ಕ. ಬೀದಿಯ ಕೊನೆಯಲ್ಲಿ, ಎತ್ತರದ ಗೋಡೆಯ ಹಿಂದೆ, ವಿದ್ಯುತ್ ಸಾಮಾನುಗಳ ಪರೀಕ್ಷಾಲಯವಿತ್ತು. ಕರೆಂಟು ಮಿತಿಮೀರಿದರೆ ತಾನಾಗಿ ಕಡಿಯುವ ಬ್ರೇಕರ್, ಕೇಬಲ್, ಟ್ರಾನ್ಸ್‌ಫಾರ್ಮರ್ ತಯಾರಿಸುವವರೆಲ್ಲ ತಮ್ಮ ಮಾಲನ್ನು ಅಲ್ಲಿಗೆ ತಂದು ಪಾಸು ಮಾಡಿಸಿಕೊಳ್ಳಬೇಕು. ಪರೀಕ್ಷೆಯೆಂದರೆ ಬೇರೇನಲ್ಲ, ಬೇಕೆಂದೇ ಶಾರ್ಟ್ ಸರ್ಕ್ಯೂಟ್ ಮಾಡುವುದು. ಊರಿಗೆ ಊರೇ ಯಾವುದನ್ನು ಆಗಬಾರದು ಎಂದು ಬೇಡಿಕೊಳ್ಳುತ್ತದೋ ಅದನ್ನು ಢಮಾರಕ್ಕ ವಾರಕ್ಕೆ ನಾಲ್ಕು ದಿನ, ಚಹಾ ಕುಡಿದು, ಕನ್ನಡಕ ಒರೆಸಿಕೊಂಡು, ಸಾವಕಾಶವಾಗಿ ಮಾಡುತ್ತಿದ್ದಳು. ಅವಳ ಅತ್ತೆ ಪಕ್ಕದ ಮನೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: "ನಮ್ಮ ಸೊಸೆ ಊರವರ ಸಾಮಾನು ಸುಟ್ಟು ಸಂಬಳ ತರ್ತಾಳೆ."

ಅವಳೇನೂ ಸುಡಲೆಂದು ಅಲ್ಲಿಗೆ ಸೇರಿದವಳಲ್ಲ. ಸೇರಿದ್ದು ಟೈಪಿಸ್ಟ್ ಆಗಿ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತ ಐದು ಜನ ಟೈಪಿಸ್ಟರೂ ಒಂದೊಂದು ತಿಂಗಳಿಗೆ ಓಡಿಹೋಗಿದ್ದರು. ಒಬ್ಬನಂತೂ ಮೊದಲ ಸದ್ದಿಗೇ ಮೇಜಿನ ಕೆಳಗೆ ಹೊಕ್ಕವನು, ಅಲ್ಲಿಂದಲೇ ರಾಜೀನಾಮೆ ಬರೆದು ಕೈ ಹೊರಗೆ ಚಾಚಿದ್ದನಂತೆ. ಢಮಾರಕ್ಕ ಹುಟ್ಟಿ ಬೆಳೆದದ್ದು ತಗಡಿನ ಟ್ರಂಕು ಮಾಡುವವನ ಮನೆಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆ, ತಗಡು, ಸುತ್ತಿಗೆ, ತಗಡು. ಆ ಮನೆಯಲ್ಲಿ ಸದ್ದು ನಿಂತರೇ ಮಗು ಎಚ್ಚರವಾಗಿ ಅಳುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಢಮಾರ್ ಅಂದಾಗ ಇಡೀ ಕಚೇರಿ ಅವಳ ಕಡೆ ತಿರುಗಿ ನೋಡಿತು. ಅವಳು ಟೈಪು ಮಾಡುತ್ತಲೇ ಇದ್ದಳು. ಸಾಲು ಮುಗಿದ ಮೇಲೆ, "ಏನಾದ್ರೂ ಬಿತ್ತಾ?" ಎಂದು ಕೇಳಿದಳು.

ದೊಡ್ಡ ಸಾಹೇಬರು ಆವತ್ತೇ ತೀರ್ಮಾನ ಮಾಡಿದರು: ಈ ಹೆಣ್ಣುಮಗಳು ಟೈಪು ಮಾಡುತ್ತ ಕೂರುವವಳಲ್ಲ. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದಿಸಿದರು, ಕಂಟ್ರೋಲ್ ಕೋಣೆಗೆ ಹಾಕಿದರು. ಅಲ್ಲಿ ದಪ್ಪ ಗಾಜಿನ ಹಿಂದೆ ಕೂತು ಅವಳು ಲಾರಿಯಷ್ಟು ದೊಡ್ಡ ಜನರೇಟರನ್ನು ಹತ್ತು ನಿಮಿಷ ತಿರುಗಿಸಿ ತಿರುಗಿಸಿ ವೇಗಕ್ಕೆ ತರುತ್ತಿದ್ದಳು. ಆಮೇಲೆ ಅಷ್ಟೂ ಶಕ್ತಿಯನ್ನು ಒಂದೇ ಏಟಿಗೆ, ಕಣ್ಣು ಮಿಟುಕಿಸುವಷ್ಟರೊಳಗೆ, ಆಚೆಯ ಕೋಣೆಯಲ್ಲಿಟ್ಟ ಸಾಮಾನಿನ ಮೇಲೆ ಬಿಡುತ್ತಿದ್ದಳು. ಇಪ್ಪತ್ತಾರು ವರ್ಷ ಇದೇ ಕೆಲಸ. ಕಿವಿ ಅದಕ್ಕೆ ಎಷ್ಟು ಪಳಗಿತ್ತೆಂದರೆ ಕರೆಂಟನ್ನು ಅಳೆದು ಗೆರೆ ಬರೆಯುವ ಯಂತ್ರದಿಂದ ಕಾಗದ ಹೊರಗೆ ಬರುವ ಮುಂಚೆಯೇ, "ಹದಿನೆಂಟು ಸಾವಿರ ಆಂಪಿಯರ್. ಎಡಗಡೆ ಬೋಲ್ಟು ಸಡಿಲ ಇದೆ" ಎಂದು ಹೇಳಿಬಿಡುತ್ತಿದ್ದಳು. ನೂರಕ್ಕೆ ತೊಂಬತ್ತು ಸಲ ಅದು ನಿಜವಾಗುತ್ತಿತ್ತು. ಉಳಿದ ಹತ್ತು ಸಲ ಯಂತ್ರ ಕೆಟ್ಟಿದೆ ಎನ್ನುತ್ತಿದ್ದಳು.

"ಆಚೆ ಊರಿನ ಬೋಲ್ಟು ಸಡಿಲ ಆಗಿದ್ದು ಕೇಳಿಸುತ್ತೆ, ಒಲೆ ಮೇಲಿನ ಹಾಲು ಉಕ್ಕಿದ್ದು ಕೇಳಿಸಲ್ಲ" ಎನ್ನುತ್ತಿದ್ದರು ಅತ್ತೆ.

"ಹಾಲು ಸದ್ದು ಮಾಡಲ್ಲ ಅತ್ತೆ."

"ಹಾಗಾದ್ರೆ ಕಣ್ಣು ಯಾಕಿದೆ ನಿಂಗೆ?"

ಢಮಾರಕ್ಕ ಬಟ್ಟೆ ತಗೊಂಡು ಒಲೆ ಒರೆಸತೊಡಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಪರೀಕ್ಷಾಲಯದ ಗೇಟಿಗೆ ಒಂದು ಟೆಂಪೊ ಬಂತು. ಹಿಂದುಗಡೆ ಕಂಬಳಿ ಸುತ್ತಿದ ಕಬ್ಬಿಣದ ಬೀರುವಿನಂಥ ಒಂದು ಪೆಟ್ಟಿಗೆ, ಅದನ್ನು ಎರಡು ಕೈಯಿಂದಲೂ ತಬ್ಬಿಕೊಂಡು ಐವತ್ತು ದಾಟಿದ ಒಬ್ಬ ಬಕ್ಕತಲೆಯವರು. ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ, ಕೆಲಸ ಬಿಟ್ಟು, ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ಜನರನ್ನು ಕಟ್ಟಿಕೊಂಡು ಅದನ್ನು ಮಾಡಿದ್ದರು. ಮೊದಲ ದಿನದಿಂದಲೇ ಅವರು ಎಲ್ಲರ ಬಾಯಲ್ಲಿ ಪೆಟ್ಟಿಗೆ ಮೇಷ್ಟರಾದರು.

"ಇದೇನು ಬ್ರೇಕರಾ ಸರ್?" ಢಮಾರಕ್ಕ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಬ್ರೇಕರ್ ಅಲ್ಲಮ್ಮ. ಬ್ರೇಕರ್‌ಗಿಂತ ಮುಂಚೆ ಏಳೋದು." ಮೇಷ್ಟರು ಪಾಠ ಹೇಳಲು ಇಂಥದೊಂದು ಪ್ರಶ್ನೆಗಾಗಿಯೇ ಕಾದಿದ್ದರು. "ನೋಡಿ, ಊರು ಬೆಳೀತಾ ಇದೆ. ಹೊಸ ಹೊಸ ವಿದ್ಯುತ್ ಕೇಂದ್ರ, ಹೊಸ ಲೈನು, ಎಲ್ಲಾನೂ ಒಂದಕ್ಕೊಂದು ಜೋಡಿಸ್ತಿದ್ದಾರೆ. ಒಳ್ಳೇದೇ. ಆದ್ರೆ ಎಲ್ಲೋ ಒಂದು ಕಡೆ ಶಾರ್ಟ್ ಆಯ್ತು ಅನ್ನಿ, ಎಲ್ಲಾ ಕಡೆಯಿಂದ ಕರೆಂಟು ಅಲ್ಲಿಗೇ ನುಗ್ಗುತ್ತೆ. ಯಾವ ಕಾಲದಲ್ಲೋ ಹಾಕಿದ ಬ್ರೇಕರ್‌ಗೆ ಅಷ್ಟು ತಡೆಯೋ ತಾಕತ್ತಿಲ್ಲ."

"ಹೊಸಾದು ಹಾಕಿದ್ರಾಯ್ತು."

"ಹಾಗಂತ ಊರಿಡೀ ಬಿಚ್ಚಿ ಕೂರೋಕಾಗುತ್ತಾ? ಈ ಬ್ರೇಕರ್ ಇದ್ಯಲ್ಲ, ಪೈಲ್ವಾನ್ ಕಾವಲುಗಾರ ಇದ್ದ ಹಾಗೆ. ಬಲ ಇದೆ. ಆದ್ರೆ ಎದ್ದು, ಮೈ ಮುರಿದು, ಚಪ್ಪಲಿ ಹುಡುಕಿ, ಬಾಗಿಲಿಗೆ ಬರೋ ಹೊತ್ತಿಗೆ ಗುಂಪು ಒಳಗೆ ನುಗ್ಗಿ ಆಗಿರುತ್ತೆ. ನನ್ನ ಪೆಟ್ಟಿಗೇಲಿ ಏಳೋದು ಬೀಳೋದು ಏನೂ ಇಲ್ಲ. ಟಿವಿ ರೇಡಿಯೋ ಒಳಗೆ ಇರ್ತಾವಲ್ಲ, ಅದೇ ಜಾತಿ ಸಿಲಿಕಾನ್ ಬಿಲ್ಲೆಗಳು. ಸ್ವಲ್ಪ ದೊಡ್ಡವು, ಅಂಗೈಯಗಲ. ಮೊದಲನೇ ತಳ್ಳಾಟಕ್ಕೇ ಬಾಗಿಲು ಹಾಕಿಬಿಡ್ತಾವೆ. ಕರೆಂಟು ಪಕ್ಕದಲ್ಲಿರೋ ಇಕ್ಕಟ್ಟು ಓಣಿಗೆ ತಿರುಗಬೇಕು. ಅಲ್ಲಿ ನೂಕಾಟ ನಡೆಯಲ್ಲ, ಒಬ್ಬೊಬ್ಬರೇ ಬರಬೇಕು. ಅಷ್ಟರಲ್ಲಿ ಪೈಲ್ವಾನ್ ಎದ್ದು ಬಂದು ನಿಧಾನಕ್ಕೆ ಬೀಗ ಹಾಕ್ಕೋಬಹುದು."

"ಎಷ್ಟು ಹೊತ್ತಿಗೆ ಹಾಕುತ್ತೆ ಬಾಗಿಲು?"

"ಒಂದು ಸೆಕೆಂಡನ್ನ ಎರಡು ಸಾವಿರ ಚೂರು ಮಾಡಿ. ಅದರಲ್ಲಿ ಒಂದು ಚೂರು."

"ನೋಡೋಣ" ಅಂದಳು ಢಮಾರಕ್ಕ. ಆ ಕೋಣೆಯಲ್ಲಿ ಎಲ್ಲರಿಗೂ ಅವಳು ಹೇಳುತ್ತಿದ್ದದ್ದು ಅದೊಂದೇ ಮಾತು. ಅದನ್ನು ಕೇಳಿದ ತಯಾರಕರ ಮುಖ ಯಾಕೋ ಬಾಡುತ್ತಿತ್ತು.

ಸೈರನ್ ಕೂಗಿತು. ಜನರೇಟರ್ ವೇಗಕ್ಕೆ ಬಂತು. ಮೇಷ್ಟರು ಗಾಜಿಗೆ ಮೂಗು ಒತ್ತಿಕೊಂಡು ನಿಂತರು. ಢಮಾರಕ್ಕ ಗುಂಡಿ ಒತ್ತಿದಳು.

ಢಮಾರ್! ಪೆಟ್ಟಿಗೆಯ ಬಾಗಿಲು ಕಿತ್ತುಕೊಂಡು ಹಾರಿ ಎದುರಿನ ತಂತಿಬಲೆಗೆ ಸಿಕ್ಕಿಹಾಕಿಕೊಂಡಿತು. ಹೊಗೆ ತಿಳಿಯಾದ ಮೇಲೆ ನೋಡಿದರೆ ಎರಡು ವರ್ಷದ ದುಡಿಮೆ ಮೂರು ಬಕೆಟ್ಟಿನಲ್ಲಿ ತುಂಬುವಷ್ಟಾಗಿತ್ತು. ಮೇಷ್ಟರು ಕಂಬಳಿ ಎತ್ತಿಕೊಂಡರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ನಾಲ್ಕು ಮಡಿಕೆ ಮಾಡಿದರು.

ಢಮಾರಕ್ಕ ಸಾಮಾನ್ಯವಾಗಿ ಸಾಮಾನು ಸುಟ್ಟುಹೋದವರ ಹಿಂದೆ ಹೋಗುವವಳಲ್ಲ. ಆವತ್ತು ಹೋದಳು.

"ಸರ್, ನಿಮ್ಮ ಪೆಟ್ಟಿಗೆ ಕೆಲಸ ಮಾಡ್ತು."

ಮೇಷ್ಟರು ತಲೆಯೆತ್ತಿದರು. "ಗಾಯದ ಮೇಲೆ ಉಪ್ಪು ಹಾಕ್ಬೇಡಿ ಮೇಡಂ."

"ತಮಾಷೆ ಅಲ್ಲ. ಎರಡು ಸದ್ದು ಬಂತು. ಮೊದಲು ಟಿಕ್ ಅಂತು. ಆಮೇಲೆ ಢಮಾರ್. ಆ ಟಿಕ್ ಇದ್ಯಲ್ಲ, ಅದು ನಿಮ್ಮ ಬಿಲ್ಲೆಗಳು ಬಾಗಿಲು ಹಾಕಿದ್ದು. ಇನ್ನೊಂದು ವಿಷ್ಯ. ಈ ಢಮಾರ್ ಶಾರ್ಟಿಂದಲ್ಲ. ಶಾರ್ಟ್‌ದು ಹೊಟ್ಟೆಗೆ ಬಡಿಯುತ್ತೆ. ಇದು ಹಲ್ಲಿಗೆ ಬಡೀತು."

"ಹಲ್ಲಿಗಾ?"

"ಹೂಂ, ಮುಂದಿನ ಹಲ್ಲಿಗೆ."

ಮೇಷ್ಟರಿಗೆ ನಂಬಿಕೆ ಬರಲಿಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಎದ್ದು ಒಳಗೆ ಬಂದು ಯಂತ್ರ ಬರೆದ ಕಾಗದವನ್ನು ಮೇಜಿನ ಮೇಲೆ ಹರಡಿದರು. ಕರೆಂಟಿನ ಗೆರೆ ಏರತೊಡಗಿ, ಪೂರ್ತಿ ಏರುವ ಮೊದಲೇ ಮುದುರಿಕೊಂಡು ಕೆಳಗೆ ಬಿದ್ದಿತ್ತು. ಆದರೆ ಅದೇ ಕ್ಷಣಕ್ಕೆ ವೋಲ್ಟೇಜಿನ ಗೆರೆ ಮೊಳೆಯ ಹಾಗೆ ನೆಟ್ಟಗೆ ಮೇಲಕ್ಕೆ ನೆಗೆದಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಮೇಷ್ಟರು ಹಣೆ ಚಚ್ಚಿಕೊಂಡರು. "ಓಡೋ ಬಸ್ಸಿಗೆ ಗಕ್ಕನೆ ಬ್ರೇಕ್ ಹಾಕಿದ್ರೆ ಹಿಂದಿನ ಸೀಟಿನವರೆಲ್ಲ ಮುಂದೆ ಬಂದು ಬೀಳ್ತಾರಲ್ಲ, ಹಾಗಾಗಿದೆ. ಓಡ್ತಿದ್ದ ಕರೆಂಟು ನಿಂತಿದ್ದೇ ವೋಲ್ಟೇಜಾಗಿ ಮೈಮೇಲೆ ಬಿದ್ದಿದೆ. ಅದನ್ನ ನುಂಗೋಕೆ ಒಂದೇ ಒಂದು ತುಂಡು ಇಟ್ಟಿದ್ದೆ. ಹತ್ತು ಇಡಬೇಕಿತ್ತು."

ಹೋಗುವಾಗ ಅವರು ಮೂರು ಬಕೆಟ್ಟನ್ನೂ ಟೆಂಪೊದಲ್ಲಿ ಇಟ್ಟುಕೊಂಡು, ಮೊದಲಿನಷ್ಟೇ ಭದ್ರವಾಗಿ ತಬ್ಬಿಕೊಂಡು ಕೂತಿದ್ದರು. ಆದರೆ ಮುಖದಲ್ಲಿ ನಗುವಿತ್ತು.

ಎರಡನೇ ಸಲ ಅವರು ಬಂದದ್ದು ಐದು ತಿಂಗಳ ಮೇಲೆ. ಈ ಪೆಟ್ಟಿಗೆ ಇನ್ನೂ ಅರ್ಧ ಮೊಳ ಅಗಲ. ಎಲ್ಲರೂ ಗಾಜಿನ ಹಿಂದೆ ಸೇರಿದರು. ಶಾರ್ಟ್ ಮಾಡುವ ಮಾತು ಹಾಗಿರಲಿ, ಅದಕ್ಕೂ ಮುಂಚೆ ಟ್ರಾನ್ಸ್‌ಫಾರ್ಮರಿಗೆ ಬರೀ ಕರೆಂಟು ಕೊಟ್ಟರು ನೋಡಿ, ಟಿಕ್! ಪೆಟ್ಟಿಗೆ ಬಾಗಿಲು ಹಾಕಿಕೊಂಡಿತು. ತೆಗೆಸಿ ಮತ್ತೆ ಕೊಟ್ಟರು. ಟಿಕ್! ಏಳು ಸಲ ಕೊಟ್ಟರು, ಏಳು ಸಲವೂ ಟಿಕ್. ಹಗ್ಗ ಕಂಡರೂ ಹಾವೆಂದು ಹೌಹಾರುವ ಪೆಟ್ಟಿಗೆ! ಪರೀಕ್ಷಾಲಯದ ಫಿಟ್ಟರು, "ಮೇಷ್ಟ್ರೇ, ಇದಕ್ಕೆ ಮೊದಲು ಧೈರ್ಯ ಹೇಳಿ ಕರ್ಕೊಂಡು ಬನ್ನಿ" ಅಂದ. ದೊಡ್ಡ ಸಾಹೇಬರೂ ಮುಖ ತಿರುಗಿಸಿ ನಕ್ಕರು.

"ಟ್ರಾನ್ಸ್‌ಫಾರ್ಮರ್ ಏಳುವಾಗ ಒಂದು ದೊಡ್ಡ ಗುಟುಕು ಕರೆಂಟು ಕುಡಿಯುತ್ತೆ" ಎಂದು ಮೇಷ್ಟರು ಕುಗ್ಗಿದ ದನಿಯಲ್ಲಿ ಹೇಳಿದರು. "ಇದು ಅದನ್ನೇ ಶಾರ್ಟ್ ಅಂದ್ಕೊಳ್ತಿದೆ. ಎರಡಕ್ಕೂ ವ್ಯತ್ಯಾಸ ಹೇಗೆ ಕಲಿಸೋದೋ?"

"ವ್ಯತ್ಯಾಸ ಇಲ್ಲದೇ ಏನು ಸರ್, ಆಕಾಶ ಭೂಮಿಯಷ್ಟಿದೆ" ಅಂದಳು ಢಮಾರಕ್ಕ. "ಟ್ರಾನ್ಸ್‌ಫಾರ್ಮರ್ ಏಳುವಾಗ ಒಂದೇ ಕಡೆಗೆ ಎಳೆಯುತ್ತೆ. ಗುರ್ರ್‌ಉಂ, ಗುರ್ರ್‌ಉಂ, ಗುರ್ರ್‌ಉಂ, ಹೀಗೆ. ಬರ್ತಾ ಬರ್ತಾ ಇಳಿಯುತ್ತೆ. ಶಾರ್ಟ್ ಹಾಗಲ್ಲ. ಹ್ರಾಂ! ಎರಡೂ ಕಡೆಗೆ."

"ಇನ್ನೊಂದ್ಸಲ ಮಾಡಿ."

"ಏನು?"

"ಆ ಸದ್ದು." ಮೇಷ್ಟರು ಜೇಬಿನಿಂದ ಮೊಬೈಲ್ ತೆಗೆದು ಅವಳ ಬಾಯಿಗೆ ಹಿಡಿದರು.

ದೊಡ್ಡ ಸಾಹೇಬರು ಏನೋ ಸಹಿಗೆಂದು ಮರಳಿ ಒಳಗೆ ಬಂದಾಗ, ಇಪ್ಪತ್ತಾರು ವರ್ಷ ಸರ್ವಿಸಿನ ತಮ್ಮ ಹಿರಿಯ ಸಿಬ್ಬಂದಿ ಕಣ್ಣು ಮುಚ್ಚಿಕೊಂಡು ಗುರ್ರ್‌ಉಂ ಗುರ್ರ್‌ಉಂ ಅನ್ನುತ್ತಿದ್ದಳು. ಒಬ್ಬ ಬಕ್ಕತಲೆಯವರು, "ಸ್ವಲ್ಪ ನಿಧಾನ, ಈಗ ಇಳೀಲಿ, ಇಳೀಲಿ" ಎಂದು ಕೈಯಾಡಿಸುತ್ತಿದ್ದರು. ಸಾಹೇಬರು ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದರು. ಸಹಿ ಮರುದಿನವಾಯಿತು.

ಆ ವಾರವೆಲ್ಲ ಅವಳಿಗೆ ಅದೇ ಗುಂಗು. ಹತ್ತು ಥರದ ಟ್ರಾನ್ಸ್‌ಫಾರ್ಮರ್, ಮೋಟರು, ಪಂಪು, ಒಂದೊಂದೂ ಎದ್ದೇಳುವಾಗ ಮಾಡುವ ಸದ್ದನ್ನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನೆನಪು ಮಾಡಿಕೊಂಡು, ಬಾಯಲ್ಲಿ ಆಡಿಸಿ, ಮೇಷ್ಟರಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಅತ್ತೆಗೆ ಒಂದು ಕಿವಿ ಮಂದ. ಸರಿಯಾದ ಕಿವಿಯನ್ನೇ ಬಾಗಿಲಿಗಿಟ್ಟು ಕೇಳಿಸಿಕೊಂಡು ಮಗನ ಅಂಗಡಿಗೆ ಹೋದರು.

"ಲೋ, ನಿನ್ನ ಹೆಂಡ್ತೀನ ಡಾಕ್ಟರ ಹತ್ರ ಕರ್ಕೊಂಡು ಹೋಗೋ. ಬೆಳಗ್ಗೆಯಿಂದ ಗುರ್ ಅಂತಿದ್ದಾಳೆ."

"ಯಾರ ಮೇಲೆ?"

"ಯಾರ ಮೇಲೂ ಅಲ್ಲ. ಅದೇ ಭಯ ನಂಗೆ."

ಅಷ್ಟೆಲ್ಲ ಆದಮೇಲೆ ಮೇಷ್ಟರು ಪೆಟ್ಟಿಗೆಗೆ ಹೊಸ ಪಾಠ ಕಲಿಸಿದರು: ಕರೆಂಟು ಎಷ್ಟು ಏರಿದೆ ಎಂದಷ್ಟೇ ನೋಡಬಾರದು, ಎಷ್ಟು ಬೇಗ ಏರುತ್ತಿದೆ, ಯಾವ ರೂಪದಲ್ಲಿ ಏರುತ್ತಿದೆ ಎಂಬುದನ್ನೂ ನೋಡಿ ಬಾಗಿಲು ಹಾಕಬೇಕು. ಮೂರನೇ ಪರೀಕ್ಷೆಗೆ ದಿನ ಗೊತ್ತಾಯಿತು. ಈ ಸಲ ಬರೀ ಮೇಷ್ಟರು ಬಂದರೆ ಸಾಲದು, ವಿದ್ಯುತ್ ಇಲಾಖೆಯ ಸಮಿತಿಯೂ ಬರುತ್ತದೆ ಎಂದಾಯಿತು. ಅವರು ಒಪ್ಪಿದರೆ ಪೆಟ್ಟಿಗೆಯನ್ನು ಒಂದು ಸಬ್‌ಸ್ಟೇಷನ್ನಿನಲ್ಲಿ ಕೂರಿಸುತ್ತಾರೆ, ಇಲ್ಲದಿದ್ದರೆ ಮೇಷ್ಟರ ಶೆಡ್ಡಿನಲ್ಲಿ.

ಸಮಿತಿಯೆಂದರೆ ಮೂರು ಜನ. ಇಬ್ಬರು ಮಾತಾಡುವವರಲ್ಲ. ಮೂರನೆಯವರು ಸಮಿತಿಯ ಅಧ್ಯಕ್ಷರು, ಉದ್ದ ಕಪ್ಪು ಕೊಡೆ ಹಿಡಿದು ಬಂದರು, ಮೋಡದ ಸುಳಿವಿರಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ನಿವೃತ್ತಿಗೆ ಆರು ತಿಂಗಳಿತ್ತು. ಅಷ್ಟರೊಳಗೆ ಯಾವ ಹೊಸ ವಸ್ತುವಿಗೂ ಸಹಿ ಹಾಕದೆ ಕ್ಷೇಮವಾಗಿ ಮನೆ ಸೇರಬೇಕೆಂಬುದು ಅವರ ವ್ರತ.

ಢಮಾರಕ್ಕ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಟ್ಟಳು. ಗುರ್ರ್‌ಉಂ. ಪೆಟ್ಟಿಗೆ ಹೆದರಲಿಲ್ಲ. ಮೇಷ್ಟರು ಉಸಿರು ಬಿಟ್ಟರು. ಸೈರನ್ ಕೂಗಿತು. ಮೂವರೂ ಸದಸ್ಯರು ಕಿವಿಯಲ್ಲಿ ಬೆರಳಿಟ್ಟುಕೊಂಡರು. ಅಧ್ಯಕ್ಷರು ಕಣ್ಣನ್ನೂ ಮುಚ್ಚಿದರು. ಅವಳು ಗುಂಡಿ ಒತ್ತಿದಳು.

ಟಿಕ್.

ಸ್ವಲ್ಪ ಹೊತ್ತಿಗೆ ಪೈಲ್ವಾನ್ ಬ್ರೇಕರ್ ಲಟಕ್ ಅಂತ ಬಿತ್ತು. ಅಷ್ಟೇ.

ಢಮಾರಕ್ಕನಿಗೆ ಸೀನು ಬಂದು ಮೂಗಿನ ತುದಿಯಲ್ಲೇ ವಾಪಸ್ ಹೋದ ಹಾಗಾಯಿತು. ಇಪ್ಪತ್ತಾರು ವರ್ಷದಲ್ಲಿ ಅವಳ ಗುಂಡಿಗೆ ಇಂಥ ಅವಮಾನ ಆಗಿರಲಿಲ್ಲ. ಹೊಟ್ಟೆಗೂ ಬಡಿಯಲಿಲ್ಲ, ಹಲ್ಲಿಗೂ ಬಡಿಯಲಿಲ್ಲ. ಒಂದು ಗಳಿಗೆ ಅವಳಿಗೆ ಪೆಟ್ಟಿಗೆಯ ಮೇಲೆ ಸಿಟ್ಟೇ ಬಂತು. ಆಮೇಲೆ ಕಾಗದ ಹೊರಗೆ ಬಂತು. ಇಪ್ಪತ್ತು ಸಾವಿರಕ್ಕೆ ಏರಬೇಕಿದ್ದ ಗೆರೆ ಒಂದು ಸಾವಿರದ ಹತ್ತಿರವೇ ತಲೆ ತಗ್ಗಿಸಿಕೊಂಡು ಅಲ್ಲೇ ಸಣ್ಣಗೆ ತೇಲಿ ನಿಂತುಹೋಗಿತ್ತು. ಇಷ್ಟು ವಿಧೇಯವಾದ ಗೆರೆಯನ್ನು ಅವಳು ನೋಡಿರಲೇ ಇಲ್ಲ.

"ಶುರು ಮಾಡ್ರೀ" ಎಂದರು ಅಧ್ಯಕ್ಷರು, ಕಣ್ಣು ಮುಚ್ಚಿಕೊಂಡೇ.

"ಆಯ್ತು ಸರ್."

"ಹಾಗಾದ್ರೆ ಒತ್ತಿ."

"ಒತ್ತಿ ಆಯ್ತು ಸರ್. ಮುಗೀತು."

ಅಧ್ಯಕ್ಷರು ಒಂದು ಕಿವಿಯ ಬೆರಳು ತೆಗೆದರು. "ಏನಾಯ್ತು?"

"ಏನೂ ಆಗ್ಲಿಲ್ಲ" ಎಂದರು ಮೇಷ್ಟರು. "ಅದೇ ಸರ್ ಆಗಬೇಕಿದ್ದಿದ್ದು!"

"ಏನೂ ಆಗದೇ ಇರೋದನ್ನ ನೋಡೋಕೆ ನಾನು ನೂರು ಮೈಲಿ ಬರಬೇಕಿತ್ತಾ? ನಮ್ಮ ಮನೇಲೂ ದಿನಾ ಏನೂ ಆಗಲ್ಲ." ಅಧ್ಯಕ್ಷರು ಕೊಡೆಯ ತುದಿಯನ್ನು ನೆಲಕ್ಕೆ ಕುಟ್ಟಿದರು. "ವೈರೇ ಕೊಟ್ಟಿರಲಿಕ್ಕಿಲ್ಲ ನೀವು. ಕರೆಂಟೇ ಹೋಗಿರಲಿಕ್ಕಿಲ್ಲ. ಟಿಕ್ ಅನ್ನೋಕೆ ನನ್ನ ಗಡಿಯಾರ ಸಾಕು."

ದೊಡ್ಡ ಸಾಹೇಬರು ಕಾಗದ ತೋರಿಸಿದರು. ಗೆರೆ ಎಳೆಯೋಕೆ ಪೆನ್ಸಿಲ್ ಇದ್ರೆ ಸಾಕು ಅಂದರು ಅಧ್ಯಕ್ಷರು. ಮೇಷ್ಟರು ಪೈಲ್ವಾನನ ಕತೆ ಹೇಳಲು ಹೋದರು. ಪೈಲ್ವಾನ್ ಯಾರು, ಅವನೂ ಸಿಬ್ಬಂದಿಯೇ ಎಂದು ಕೇಳಿದರು ಅಧ್ಯಕ್ಷರು. ಮೇಷ್ಟರ ಬಕ್ಕತಲೆಯ ಮೇಲೆ ಬೆವರು ಸಾಲುಗಟ್ಟಿತು.

ಆಗ ಢಮಾರಕ್ಕ ಎದ್ದು ಬಂದಳು. ತನ್ನ ಗುಂಡಿಯನ್ನು ಯಾರಾದರೂ ಸುಳ್ಳುಗುಂಡಿ ಅಂದರೆ ಅವಳು ಸಹಿಸುವವಳಲ್ಲ.

"ಸರ್, ಕರೆಂಟು ಹೋಗೋ ದಾರೀಲಿ ಒಂದು ಲೋಹದ ತುಂಡು ಇಡೋಣ. ಪೆಟ್ಟಿಗೆ ಇದ್ದಾಗ ಅದಕ್ಕೆ ಏನಾಗುತ್ತೆ ನೋಡಿ. ಆಮೇಲೆ ಪೆಟ್ಟಿಗೇನ ದಾರಿಯಿಂದ ತೆಗೆದುಬಿಡ್ತೀನಿ. ಆಗೇನಾಗುತ್ತೆ ನೋಡಿ."

"ತುಂಡು ನೀವೇ ತಂದಿರ್ತೀರಿ. ಅದ್ರಲ್ಲೂ ಏನಾದ್ರೂ ಕಿತಾಪತಿ ಇರುತ್ತೆ."

"ಹಾಗಾದ್ರೆ ನಿಮ್ಮದೇ ಏನಾದ್ರೂ ಕೊಡಿ."

ಅಧ್ಯಕ್ಷರು ಜೇಬು ತಡಕಿದರು, ಸುತ್ತ ನೋಡಿದರು, ಕೊನೆಗೆ ಗೆದ್ದವರ ನಗೆ ನಕ್ಕು ಕೊಡೆಯನ್ನು ಮುಂದೆ ಚಾಚಿದರು. ಒಳಗೆ ಉಕ್ಕಿನ ಕೋಲು. "ಇದನ್ನ ಇಡಿ. ಹತ್ತು ವರ್ಷದಿಂದ ನನ್ನ ಕೈಯಲ್ಲೇ ಇದೆ. ಇದಕ್ಕಂತೂ ಲಂಚ ಕೊಟ್ಟಿರಲ್ಲ."

"ವರದೀಲಿ ಕೊಡೆ ಬರೆಯೋಕಾಗಲ್ಲಮ್ಮ" ಎಂದು ದೊಡ್ಡ ಸಾಹೇಬರು ಅವಳ ಕಿವಿಯಲ್ಲಿ ಗೊಣಗಿದರು.

"ಬರೀಬೇಡಿ ಸರ್."

ಫಿಟ್ಟರು ಕೊಡೆಯ ಉಕ್ಕಿನ ಕೋಲನ್ನು ಎರಡೂ ಕಡೆ ತಾಮ್ರದ ಪಟ್ಟಿಗಳಿಗೆ ಬಿಗಿದ. ಸೈರನ್. ಗುಂಡಿ. ಟಿಕ್. ಕೊಡೆಯನ್ನು ಬಿಚ್ಚಿ ತಂದು ಅಧ್ಯಕ್ಷರ ಕೈಗೆ ಕೊಟ್ಟರು. ಕೋಲು ಸ್ವಲ್ಪ ಬೆಚ್ಚಗಿತ್ತು, ಈಗಷ್ಟೇ ಬಿಸಿಲಿನಿಂದ ಬಂದ ಹಾಗೆ. ಅಧ್ಯಕ್ಷರು ಬಿಚ್ಚಿ ನೋಡಿದರು, ಮಡಿಸಿದರು, ಮತ್ತೆ ಬಿಚ್ಚಿದರು. "ನಾನು ಹೇಳ್ಲಿಲ್ವಾ? ಕರೆಂಟೇ ಹೋಗಿಲ್ಲ."

"ಈಗ ಪೆಟ್ಟಿಗೆ ಇಲ್ಲದೆ ಮಾಡ್ತೀನಿ. ಬೇರೆ ಕಬ್ಬಿಣದ ಕೋಲು ತರಿಸ್ಲಾ ಸರ್?"

"ಯಾಕೆ? ಇದೇ ಇರ್ಲಿ."

"ಸರ್, ಕೊಡೆ..."

"ಇಡ್ರೀ ಅಂದ್ನಲ್ಲ!"

ಢಮಾರಕ್ಕ ಮೇಷ್ಟರನ್ನು ನೋಡಿದಳು. ಮೇಷ್ಟರು ದೊಡ್ಡ ಸಾಹೇಬರನ್ನು ನೋಡಿದರು. ಸಾಹೇಬರು ಸೂರು ನೋಡಿದರು. ಫಿಟ್ಟರು ಪೆಟ್ಟಿಗೆಯನ್ನು ದಾರಿಯಿಂದ ತಪ್ಪಿಸಿ, ಅದರ ಜಾಗಕ್ಕೆ ದಪ್ಪ ತಾಮ್ರದ ಪಟ್ಟಿ ಬಿಗಿದು, ಕೊಡೆಯನ್ನು ಮತ್ತೆ ಕೂರಿಸಿ, ಅದಕ್ಕೊಂದು ನಮಸ್ಕಾರ ಹಾಕಿ ಹೊರಗೆ ಬಂದ. ಸೈರನ್ ಕೂಗಿತು. ಅಧ್ಯಕ್ಷರು ಈ ಸಲ ಕಿವಿಗೆ ಬೆರಳು ಹಾಕಲಿಲ್ಲ. ಎರಡು ಸಲ ಮೋಸ ಹೋದವರು ಮೂರನೇ ಸಲ ಹೋಗುತ್ತಾರೆಯೇ?

ಢಮಾರ್!

ಗಾಜು ನಡುಗಿತು, ನೆಲ ನಡುಗಿತು, ಅಧ್ಯಕ್ಷರು ಹಿಂದಿದ್ದ ಕುರ್ಚಿಯ ಮೇಲೆ ಧೊಪ್ಪನೆ ಕೂತರು. ಆಚೆಯ ಕೋಣೆಯಲ್ಲಿ ಬೆಳ್ಳಗಿನ ಬೆಂಕಿ ಮಿಂಚಿ ಮಾಯವಾಯಿತು. ಹೊಗೆ ಸರಿದಾಗ ಎರಡು ತಾಮ್ರದ ಪಟ್ಟಿಗಳ ನಡುವೆ ಗಾಳಿಯ ಹೊರತು ಏನೂ ಇರಲಿಲ್ಲ. ಕೊಡೆಯ ಮೂರು ಕಡ್ಡಿ ತಂತಿಬಲೆಯಲ್ಲಿ ನೇತಾಡುತ್ತಿದ್ದವು. ಮರದ ಹಿಡಿ ಮೂಲೆಯಲ್ಲಿ ಸಣ್ಣಗೆ ಹೊಗೆಯಾಡುತ್ತಿತ್ತು.

"ಹತ್ತೊಂಬತ್ತು ಸಾವಿರದ ಎಂಟುನೂರು" ಎಂದಳು ಢಮಾರಕ್ಕ. ಅವಳ ಮುಖದಲ್ಲಿ ಊಟ ಸರಿಹೋದವರ ತೃಪ್ತಿಯಿತ್ತು.

ಮಾತೇ ಆಡದಿದ್ದ ಇಬ್ಬರು ಸದಸ್ಯರಲ್ಲಿ ಒಬ್ಬರು ಮೊದಲ ಸಲ ಬಾಯಿ ಬಿಟ್ಟು, "ಒಳ್ಳೆ ಕೊಡೆ" ಎಂದರು.

ಅಧ್ಯಕ್ಷರಿಗೆ ನೀರು ಕೊಟ್ಟರು. ಕುಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಎರಡೂ ಸಲ ಒಂದೇ ಗುಂಡೀನಾ ಒತ್ತಿದ್ದು?"

"ಒಂದೇ ಗುಂಡಿ ಸರ್. ಒಂದೇ ಬೆರಳು."

ಅವರು ಅವಳ ಬೆರಳನ್ನೇ ಸ್ವಲ್ಪ ಹೊತ್ತು ನೋಡಿ, ಪೆನ್ನು ಕೇಳಿ, ನಿಂತುಕೊಂಡೇ ಸಹಿ ಹಾಕಿದರು. ಆ ಸಹಿ ಗುರುತು ಸಿಗುವಂತಿರಲಿಲ್ಲ. ಮುಂದೆ ಕಚೇರಿಯಲ್ಲಿ ಅದರ ಬಗ್ಗೆ ತಕರಾರು ಎದ್ದು, ಇನ್ನೊಮ್ಮೆ ಸಹಿ ಹಾಕಿಸಬೇಕಾಯಿತು.

ಪೆಟ್ಟಿಗೆ ಪಕ್ಕದೂರಿನ ಸಬ್‌ಸ್ಟೇಷನ್ನಿಗೆ ಹೋಯಿತು. ಮೇಷ್ಟರು ಮೊದಮೊದಲು ದಿನಕ್ಕೆರಡು ಸಲ ಢಮಾರಕ್ಕನಿಗೆ ಫೋನು ಮಾಡಿ, "ಏನಾದ್ರೂ ಸುದ್ದಿ ಬಂತಾ ಮೇಡಂ?" ಎನ್ನುತ್ತಿದ್ದರು. ಸುದ್ದಿ ಏನೂ ಇರುತ್ತಿರಲಿಲ್ಲ. ಕೆಟ್ಟಿತು ಎಂದು ಯಾರೂ ಹೇಳಲಿಲ್ಲ. ಚೆನ್ನಾಗಿದೆ ಎಂದೂ ಹೇಳಲಿಲ್ಲ. ಏಳೆಂಟು ತಿಂಗಳು ಕಳೆಯುವಷ್ಟರಲ್ಲಿ ಮೇಷ್ಟರ ಫೋನೂ ನಿಂತಿತು. ಸದ್ದು ಮಾಡದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬ ಬೇಜಾರು ಅವರಿಗೆ.

ಒಂದು ರಜಾ ದಿನ ಅತ್ತೆಯ ಕನ್ನಡಕ ಬದಲಾಯಿಸಲು ಢಮಾರಕ್ಕ ಅವರನ್ನು ಪಕ್ಕದೂರಿಗೆ ಕರೆದುಕೊಂಡು ಹೋಗಿದ್ದಳು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಸಬ್‌ಸ್ಟೇಷನ್ನು ಬಸ್‌ಸ್ಟ್ಯಾಂಡಿನ ಹಿಂದೆಯೇ. ಗುರುತಿನ ಚೀಟಿ ತೋರಿಸಿ ಅತ್ತೆಯನ್ನೂ ಕರೆದುಕೊಂಡು ಒಳಗೆ ಹೋದಳು. ಕಂಟ್ರೋಲ್ ಕೋಣೆಯ ಮೂಲೆಯಲ್ಲಿ ಪೆಟ್ಟಿಗೆ ನಿಂತಿತ್ತು. ಅದರ ತಲೆಯ ಮೇಲೆ ನಾಲ್ಕು ಅಂತಸ್ತಿನ ಒಂದು ಸ್ಟೀಲು ಟಿಫನ್ ಕ್ಯಾರಿಯರು.

ಡ್ಯೂಟಿಯಲ್ಲಿದ್ದ ಆಪರೇಟರು ನಲವತ್ತರ ಗುಂಡುಮುಖದವನು. ಅವಳ ಕಣ್ಣು ಹೋದ ಕಡೆ ನೋಡಿ ನಕ್ಕ. "ಬಿಸಿಯಾಗಿರುತ್ತೆ ಮೇಡಂ. ಈ ಪೆಟ್ಟಿಗೆ ಸದಾ ಬೆಚ್ಚಗಿರುತ್ತೆ. ಊಟ ಇಟ್ರೆ ಮಧ್ಯಾಹ್ನ ಒಂದು ಗಂಟೆಗೆ ಹಿತವಾಗಿರುತ್ತೆ."

"ಇದೇನು ಕೆಲಸ ಮಾಡುತ್ತೆ, ಗೊತ್ತಾ ನಿಮಗೆ?"

"ಇದಾ? ಏನೂ ಮಾಡಲ್ಲ ಮೇಡಂ, ಪಾಪ. ಸುಮ್ನೆ ನಿಂತಿರುತ್ತೆ. ಮೊದಲು ಇಲ್ಲಿ ತಿಂಗಳಿಗೊಂದ್ಸಲ ಏನಾದ್ರೂ ಸಿಡೀತಿತ್ತು. ಹೋದ ವರ್ಷ ಆ ಬ್ರೇಕರ್ ಸಿಡಿದು ನನ್ನ ಮೀಸೇನೇ ಹೋಯ್ತು. ಈಗ ನಮ್ಮ ಅದೃಷ್ಟ, ಏನೂ ಆಗ್ತಿಲ್ಲ." ಆತ ಪೆಟ್ಟಿಗೆಯ ಬಾಗಿಲ ಮೇಲಿನ ಪುಟ್ಟ ಗಾಜಿನ ಕಿಂಡಿಯನ್ನು ಬೆರಳಿನಿಂದ ಒರೆಸಿದ. "ಇಲ್ಲೊಂದು ನಂಬರ್ ಇದೆ. ಬಂದಾಗ ಸೊನ್ನೆ ಇತ್ತು. ಈಗ ಹನ್ನೊಂದು ಆಗಿದೆ. ತಿಂಗಳು ಎಣಿಸುತ್ತೋ ಏನೋ."

ಢಮಾರಕ್ಕ ಬಗ್ಗಿ ನೋಡಿದಳು. ಹನ್ನೊಂ‍ದು. ಪೆಟ್ಟಿಗೆ ಬಂದು ತಿಂಗಳು ಎಂಟೇ ಆಗಿತ್ತು.

ಅವಳು ಹೊರಗೆ ಬಂದು ಮೇಷ್ಟರಿಗೆ ಫೋನು ಮಾಡಿದಳು. "ಸರ್, ಹನ್ನೊಂದು ಸಲ."

"ಏನು ಹನ್ನೊಂದು ಸಲ?"

"ಬಾಗಿಲು ಹಾಕಿದೆ. ಹನ್ನೊಂದು ಸಲ ಶಾರ್ಟ್ ಆಗಿದೆ, ಹನ್ನೊಂದು ಸಲವೂ ತಡೆದಿದೆ. ಇಲ್ಲಿರೋರಿಗೆ ಗೊತ್ತೇ ಆಗಿಲ್ಲ."

ಆ ಕಡೆ ಯಾವುದೋ ಕುರ್ಚಿ ಎಳೆದ ಸದ್ದು ಕೇಳಿಸಿತು, ಆಮೇಲೆ ಮೂಗು ಒರೆಸಿಕೊಂಡದ್ದು. "ಇನ್ನೊಂದ್ಸಲ ಹೇಳಿ ಮೇಡಂ" ಎಂದರು ಕೊನೆಗೆ.

"ಹನ್ನೊಂದು."

"ಇನ್ನೊಂದ್ಸಲ."

ಹೇಳಿದಳು. ಒಳಗೆ ಬಂದು ನೋಡಿದರೆ ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದರು. ಢಮಾರಕ್ಕ ಆಪರೇಟರನ್ನು ಕೂರಿಸಿ, ಪೈಲ್ವಾನ್, ಇಕ್ಕಟ್ಟು ಓಣಿ ಎಲ್ಲವನ್ನೂ ಹೇಳಿದಳು. ಆತ ಕೇಳುತ್ತ ಕೇಳುತ್ತ ನಿಧಾನವಾಗಿ ಎದ್ದು ನಿಂತ. ಕೈ ತಾನಾಗಿ ಮೀಸೆಗೆ ಹೋಯಿತು, ಇತ್ತೀಚೆಗಷ್ಟೇ ಪೂರ್ತಿ ಬೆಳೆದದ್ದು.

"ಅದರ ತಲೆ ಮೇಲಿರೋದು ಗಾಳಿ ಹೋಗೋ ಜಾಗ. ಊಟದ ಡಬ್ಬ ಇಟ್ರೆ ಉಸಿರು ಕಟ್ಟುತ್ತೆ" ಎಂದಳು.

ಆಪರೇಟರು ಟಿಫನ್ ಕ್ಯಾರಿಯರನ್ನು ಎರಡೂ ಕೈಯಲ್ಲಿ ಎತ್ತಿ, ಪೆಟ್ಟಿಗೆಯ ತಲೆಯನ್ನು ಕರವಸ್ತ್ರದಿಂದ ಒರೆಸಿದ. ಡಬ್ಬ ಹಿಡಿದುಕೊಂಡು ಕೋಣೆಯ ತುಂಬ ಕಣ್ಣಾಡಿಸಿ, ಬೇರೆಲ್ಲೂ ಜಾಗ ಕಾಣದೆ ಕೇಳಿದ: "ಹೌದು ಮೇಡಂ, ಒಪ್ಕೊಂಡೆ. ಆದ್ರೆ ಊಟ ಎಲ್ಲಿ ಬಿಸಿ ಮಾಡ್ಲಿ?"

"ಹೀಗೆ ಕೊಡಪ್ಪ" ಎಂದು ಅತ್ತೆ ಕೈಚಾಚಿ ಡಬ್ಬ ಇಸಿದುಕೊಂಡು, ಮೇಲಿನ ಅಂತಸ್ತಿನ ಮುಚ್ಚಳ ತೆಗೆದು ಮೂಸಿ ನೋಡಿದರು. "ಬಿಸಿಯಾಗೇ ಇದೆ. ಕೂತು ಈಗ್ಲೇ ತಿಂದುಬಿಡು."